ತುಟಿ ಮಾತ್ರ ಆಡಿಸುತ್ತಿದ್ದ ಟೀಚರ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

"ಆರು ತಿಂಗಳಿಂದ ಚರ್ಚಿನ ಹಾಡಿನ ತಂಡದಲ್ಲಿ, ಕ್ವಾಯರ್‌ನಲ್ಲಿ, ನಾನು ಹಾಡ್ತಾ ಇಲ್ಲ ಮೇಡಂ. ಸುಮ್ನೆ ತುಟಿ ಆಡಿಸ್ತೇನೆ. ಯಾರಿಗೂ ಗೊತ್ತಾಗಿಲ್ಲ."

ನಾನು ಆಪ್ತಸಲಹೆಗಾರ್ತಿ. ನನ್ನೆದುರು ಕುರ್ಚಿಯಲ್ಲಿ ಕೂತು ಅವರು ಹೇಳಿದ ಮೊದಲ ಮಾತು ಇದು. 48 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಗಂಡ ಗಲ್ಫ್‌ನಲ್ಲಿ, ಮಗಳು ಹಾಸ್ಟೆಲ್‌ನಲ್ಲಿ. ಮನೆಯಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅತ್ತೆ. ಬಲಗೈ, ಬಲಗಾಲು ಆಡುವುದಿಲ್ಲ, ಮಾತೂ ಹೋಗಿದೆ. ಬೆನ್ನಿಗೆ ಹುಣ್ಣಾಗಬಾರದೆಂದು ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು.

ಇವರದು ಮಂಗಳೂರು ಕಡೆಯ ಹಳೇ ಪ್ರೊಟೆಸ್ಟೆಂಟ್ ಕುಟುಂಬ. ಅವರ ಸಭೆ, ಅಂದರೆ ಚರ್ಚಿನ ಸಮುದಾಯ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು 1834ರಲ್ಲಿ ಬಂದ ಮೇಲೆ ಬೆಳೆದವುಗಳಲ್ಲಿ ಒಂದು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಜರ್ಮನ್ ರಾಗ, ಕನ್ನಡ ಪದ, ನಾಲ್ಕು ಧ್ವನಿ: ಈ ಹಾಡು ಅವರಿಗೆ ಮನೆ ಊಟದ ಹಾಗೆ. ಅದೇ ರುಚಿಸದೆ ಹೋದಾಗ ಅವರು ಹೆದರಿದ್ದರು.

ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದರಂತೆ, "ಸಂತೋಷ ಪವಿತ್ರಾತ್ಮ ಕೊಡೋ ಫಲ. ಅದು ಇಲ್ಲ ಅಂದ್ರೆ ನಂಬಿಕೆಯಲ್ಲೇ ಏನೋ ಕೊರತೆ." ಆವತ್ತಿನಿಂದ ಭಾರ ಎರಡಾಯಿತು. ದುಃಖ ಒಂದು, ದುಃಖಪಡುವ ತಪ್ಪು ಇನ್ನೊಂದು.

ಯಾರೋ ಹೇಳಿದರು ಅಂತ ದೂರುವಷ್ಟು ದೊಡ್ಡವಳು ನಾನಲ್ಲ. ಕೆಲಸ ಶುರುಮಾಡಿದ ದಿನಗಳಲ್ಲಿ ನಾನೂ ಒಬ್ಬ ತಾಯಿಗೆ "ಇನ್ನೂ ಸ್ವಲ್ಪ ಪ್ರಾರ್ಥನೆ ಮಾಡಿ" ಎಂದಿದ್ದೆ. ಆಕೆ ಮತ್ತೆ ಬರಲಿಲ್ಲ.

ಟೀಚರಿಗೆ ಮೊದಲು ಬೈಬಲ್ ತೆರೆಯಲಿಲ್ಲ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ ಕೊಟ್ಟೆ. 27ಕ್ಕೆ 14 ಬಂತು, ಅಂದರೆ ಮಧ್ಯಮ ಮಟ್ಟ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ಪೆನ್ನು ಅಲ್ಲಿ ನಿಂತಿತು. "ಸಾಯಬೇಕು ಅಂತಿಲ್ಲ. ಬೆಳಿಗ್ಗೆ ಏಳದಿದ್ರೂ ಪರವಾಗಿಲ್ಲ ಅನಿಸ್ತದೆ." ಇಂಥ ಮಾತನ್ನು ಹಗುರವಾಗಿ ಬಿಡಬಾರದು. ಆ ಬಗ್ಗೆ ಬಿಡಿಸಿ ಕೇಳಿದೆ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿದೆ, ರಾತ್ರಿಯೂ ಎತ್ತುತ್ತಾರೆ. ಅದೇ ವಾರ ವೈದ್ಯರ ಬಳಿ ಕಳಿಸಿದೆ. ರಕ್ತ ಕಡಿಮೆ ಇತ್ತು. ಕಬ್ಬಿಣಾಂಶದ ಮಾತ್ರೆ, ಜೊತೆಗೆ ಖಿನ್ನತೆಗೆ ಒಂದು ಮಾತ್ರೆ ಶುರುವಾಯಿತು.

"ಮಾತ್ರೆ ತಗೊಂಡ್ರೆ ನಂಬಿಕೆ ಕಮ್ಮಿ ಅಂತಾಗ್ತದಲ್ವಾ?" ಎಂದರು. ಆಗ ಎಲೀಯನ ವಿಷಯ ತೆಗೆದೆ. ಬೈಬಲಿನ ಮೊದಲನೆಯ ಅರಸುಗಳ ಪುಸ್ತಕ, 19ನೇ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ಕಾಡಿನಲ್ಲಿ ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸುತ್ತಾನೆ. ತಿಂದವನು ಮತ್ತೆ ಮಲಗುತ್ತಾನೆ. ಇನ್ನೊಮ್ಮೆ ಎಬ್ಬಿಸಿ ತಿನ್ನಿಸುತ್ತಾನೆ. "ನಿಮಗೂ ಮೊದಲು ನಿದ್ದೆ ಬೇಕು ಟೀಚರ್," ಎಂದೆ.

ಅವರ ಬ್ಯಾಗಿನಲ್ಲಿ ಪ್ರಾರ್ಥನೆಯ ಒಂದು ನೋಟ್‌ಬುಕ್ ಇತ್ತು. ನೀಲಿ ರಟ್ಟು, ಮೂಲೆ ಸವೆದಿದೆ. ದಿನಾ ಯಾರಿಗಾಗಿ ಬೇಡಬೇಕೆಂಬ ಪಟ್ಟಿ. ಎಣಿಸಿದೆವು: 41 ಹೆಸರು. ಅವರದೇ ಇರಲಿಲ್ಲ.

"ನಿಮ್ಮ ಬಗ್ಗೆ ದೇವರಿಗೆ ಏನು ಹೇಳ್ತೀರಿ?"

"ಸ್ತೋತ್ರ ಹೇಳ್ತೇನೆ. ದೂರು ಹೇಳೋದು ಸರಿಯಾ ಮೇಡಂ?"

ಬೈಬಲಿನ 13ನೇ ಕೀರ್ತನೆ ಓದಿಸಿದೆ. ಬರೀ ಆರು ವಚನ. ಮೊದಲ ಎರಡರಲ್ಲೇ ದಾವೀದ "ಎಷ್ಟರ ವರೆಗೆ" ಎಂದು ನಾಲ್ಕು ಸಲ ಕೇಳುತ್ತಾನೆ. ಕೊನೆಗೆ ಹಾಡುತ್ತಾನೆ, ನಿಜ. ಆದರೆ ಬೈದು ಮುಗಿಸಿದ ಮೇಲೆ. 88ನೆಯದರಲ್ಲಂತೂ ಆ ಹಾಡೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಯಾರೂ ಹರಿದು ಹಾಕಲಿಲ್ಲ, ಅಲ್ವಾ? ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ದಿನಕ್ಕೆ ನಾಲ್ಕು ಸಾಲು ದೂರು ಬರೆಯಿರಿ ಎಂದೆ. ಮೊದಲ ವಾರ ಒಂದೇ ಸಾಲು ಬರೆದು ತಂದರು: "ನನಗೆ ಸುಸ್ತಾಗಿದೆ ಕರ್ತನೇ."

ಕಷ್ಟವಾಗಿದ್ದು ಸಹಾಯ ಕೇಳಿಸುವುದು. ಸಭೆಯ ಸ್ತ್ರೀಯರು ಬಂದು ಪ್ರಾರ್ಥಿಸಿ, ಚಹಾ ಕುಡಿದು ಹೋಗುತ್ತಿದ್ದರು. ಆ ಚಹಾ ಮಾಡುವವರೂ ಇವರೇ! "ವಾರಕ್ಕೆ ಎರಡು ರಾತ್ರಿ ಯಾರಾದರೂ ಅತ್ತೆ ಹತ್ತಿರ ಮಲಗ್ತೀರಾ ಅಂತ ಕೇಳಿ" ಎಂದಾಗ ಮೂರು ವಾರ ನೆಪ ಹೇಳಿದರು. ಕೊನೆಗೆ ಸಭೆಯ ಪಾದ್ರಿ ಅಯ್ಯನವರ ಹೆಂಡತಿಗೆ ನನ್ನೆದುರೇ ಫೋನ್ ಮಾಡಿದರು. ಗುರುವಾರ, ಶನಿವಾರ ಇಬ್ಬರು ಬರಲೊಪ್ಪಿದರು.

ಬೈಬಲಿನಲ್ಲಿ ಫಿಲಿಪ್ಪಿ ಊರಿನ ಸಭೆಗೆ "ಸಂತೋಷಿಸಿರಿ" ಎಂದು ಅಪೊಸ್ತಲ ಪೌಲ ಬರೆದದ್ದು ಸೆರೆಯಲ್ಲಿದ್ದು. ಅದೇ ಪತ್ರದ ಕೊನೆಗೆ, ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎನ್ನುತ್ತಾನೆ. ಎರಡನೆಯದನ್ನು ನಾವು ಜಾಸ್ತಿ ಓದುವುದಿಲ್ಲ.

ಇನ್ನೊಂದು ಮಾತು ಹೇಳಿದ್ದೆ. ಪಾರ್ಶ್ವವಾಯುವಿನಿಂದ ಮಾತು ಹೋದ ಕೆಲವರಿಗೆ ಹಳೇ ಹಾಡು ಉಳಿದಿರುತ್ತದೆ. ಮಾತಿಗೆ ಮಿದುಳಿನ ಎಡಭಾಗ ಮುಖ್ಯ, ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ. ಮನಸ್ಸಾದರೆ ಮಗ್ಗುಲು ಬದಲಿಸುವಾಗ ಒಂದು ಸಾಲು ಹಾಡಿ ನೋಡಿ.

ಎಂಟನೇ ಭೇಟಿಗೆ ಆ ಪ್ರಶ್ನೆಗಳ ಹಾಳೆಯ ಅಂಕ 8ಕ್ಕೆ ಇಳಿದಿತ್ತು. ಚರ್ಚಿನಲ್ಲಿ ಈಗಲೂ ಕೆಲವು ಭಾನುವಾರ ತುಟಿ ಮಾತ್ರ ಆಡಿಸುತ್ತಾರಂತೆ. ಹಾಗೆನ್ನುತ್ತಲೇ ನಗು ಬಂತು ಅವರಿಗೆ.

"ಮೊನ್ನೆ ಎರಡು ಗಂಟೆ ರಾತ್ರಿ ಹಾಡಿದೆ ಮೇಡಂ. ಅತ್ತೆ ಎರಡು ಪದ ಜೊತೆಗೆ ಹಾಡಿದ್ರು! ಸ್ಪಷ್ಟವಾಗಿ. ಮೂರನೇ ಸಾಲಿಗೆ ನಾನು ತಾಳ ತಪ್ಪಿದೆ. ಮೊದಲಿಂದಲೂ ಅಲ್ಲೇ ತಪ್ಪೋದು ನಾನು. ಅತ್ತೆ ಎಡಗೈಯಲ್ಲಿ ಮಂಚಕ್ಕೆ ಟಪ್ ಅಂತ ಹೊಡೆದ್ರು. ಮೊದಲಿನ ಹಾಗೇ ಮುಖ ಸಿಂಡರಿಸಿ. ಎಷ್ಟು ನಕ್ಕೆ ಅಂದ್ರೆ, ಪಕ್ಕದ ಮನೆಯವರು ದೀಪ ಹಾಕಿದ್ರು."