ಮ್ಯೂಗೆನ್‌ನಲ್ಲಿ ಗೆಳೆಯರ ಪಂದ್ಯಾವಳಿ: ಸಿಮಲ್ ಇಡಲೋ, ಟರ್ನ್ಸ್ ಇಡಲೋ?

ಬೇಕಾದ ಪಾತ್ರಗಳನ್ನು ಸೇರಿಸಿ ಕಾದಾಡಿಸುವ ಕಂಪ್ಯೂಟರ್ ಗೇಮ್ ಎಂಜಿನ್ ಮ್ಯೂಗೆನ್, ಅದರಲ್ಲಿ ನಿಮ್ಮ 500 ಪಾತ್ರಗಳು, ಅವುಗಳಲ್ಲಿ ಒಂಬತ್ತು ಬಗೆಯ ಗೋಕು, ದಸರಾ ರಜೆಗೆ ಬರಲಿರುವ ಗೆಳೆಯರು. ಯಾವ ಪಾತ್ರವೂ ಅತಿ ಬಲಶಾಲಿಯಾಗದಂತೆ ಪಂದ್ಯಾವಳಿ ನಡೆಸಲು ತಂಡದ ಆಟದ ಎರಡು ಮೋಡ್‌ಗಳಾದ ಸಿಮಲ್, ಟರ್ನ್ಸ್‌ಗಳಲ್ಲಿ ಯಾವುದನ್ನು ಇಡಲಿ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2013ರ ನಮ್ಮ ಹುಬ್ಬಳ್ಳಿಯ ಹಾಸ್ಟೆಲ್ ಕೋಣೆ ಕಣ್ಣಿಗೆ ಕಟ್ಟಿತು.

ಮ್ಯೂಗೆನ್ ಎಂಜಿನ್‌ನೊಂದಿಗೆ ಬರುವ ಹೋರಾಟಗಾರ ಕುಂಗ್ ಫು ಮ್ಯಾನ್ ಒಬ್ಬನೇ. ಉಳಿದವರೆಲ್ಲ ಅಭಿಮಾನಿಗಳು ಮಾಡಿ ಹಂಚಿದವರು. ಸ್ಟ್ರೀಟ್ ಫೈಟರ್‌ನ ರಿಯು, ಕಿಂಗ್ ಆಫ್ ಫೈಟರ್ಸ್‌ನ ಕ್ಯೋ, ಡ್ರ್ಯಾಗನ್ ಬಾಲ್‌ನ ಗೋಕು ಒಂದೇ ಕಣಕ್ಕೆ ಇಳಿಯುವುದನ್ನು ಮೊದಲ ಸಲ ಕಂಡಾಗ ಆದ ಸಂಭ್ರಮ ನನಗೆ ಇಂದಿಗೂ ನೆನಪಿದೆ. ಆ ಸಂಭ್ರಮದಲ್ಲೇ ಹಾಸ್ಟೆಲ್ ಪಂದ್ಯಾವಳಿ ಘೋಷಿಸಿದೆ. 24 ಜನ, ತಲಾ 20 ರೂಪಾಯಿ, 60 ಪಾತ್ರಗಳು.

ಯಾವ ಪಾತ್ರವೂ ಅತಿಯಾಗಬಾರದು ಎಂಬ ಕಾಳಜಿ ನನಗೂ ಇತ್ತು. ಅದಕ್ಕಾಗಿ ವಾಚ್ ಮೋಡ್ ಹಿಡಿದೆ. ಅದರಲ್ಲಿ ಎರಡೂ ಕಡೆ ಆಡುವುದು ಕಂಪ್ಯೂಟರ್. ಮೂರು ರಾತ್ರಿ ನಿದ್ದೆಗೆಟ್ಟು ಪಾತ್ರಗಳನ್ನು ಕಾದಾಡಿಸಿ, ಗೆದ್ದವರಿಗೊಂದು ಗೀಟು ಎಂದು ನೋಟ್‌ಬುಕ್ ತುಂಬಿಸಿದೆ. ಹೊಂಗೂದಲಿನ ಒಬ್ಬ ಗೋಕು ಹತ್ತರಲ್ಲಿ ಏಳು ಸೋತ. ದುರ್ಬಲ ಎಂದು ಬರೆದು ಪಟ್ಟಿಯಲ್ಲಿ ಉಳಿಸಿಕೊಂಡೆ.

ನನ್ನ ತಪ್ಪು ಇದೇ, ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಪಾತ್ರವನ್ನು ಮಾಡಿದವರು ಅದಕ್ಕೆಂದೇ ಎಐ, ಅಂದರೆ ಕಂಪ್ಯೂಟರ್ ಅದನ್ನು ಹೇಗೆ ಆಡಿಸಬೇಕೆಂಬ ಸೂಚನೆ, ಬರೆಯದಿದ್ದರೆ ಎಂಜಿನ್ ತನ್ನದೇ ಎಐ ಬಳಸುತ್ತದೆ. ಅದು ಹೊಡೆತಗಳನ್ನು ಹೆಚ್ಚುಕಡಿಮೆ ಮನಬಂದಂತೆ ಪ್ರಯೋಗಿಸುತ್ತದೆ. ಎದುರಾಳಿ ಎಷ್ಟು ದೂರದಲ್ಲಿದ್ದಾನೆ, ಯಾವ ಹೊಡೆತ ಎಲ್ಲಿ ತಾಗುತ್ತದೆ ಎಂಬ ಅರಿವು ಅದಕ್ಕಿಲ್ಲ. ಇನ್ನು ಕೆಲವು ಪಾತ್ರಗಳಿಗೆ ಕರ್ತೃಗಳೇ ಎಐ ಬರೆದಿರುತ್ತಾರೆ. ಅವು ಕಂಪ್ಯೂಟರ್ ಕೈಯಲ್ಲಿ ಹುಲಿಗಳಾಗುತ್ತವೆ. ಹಾಗಾಗಿ ವಾಚ್ ಮೋಡ್ ತೂಗುವುದು ಯಾರ ಎಐ ಚೆನ್ನಾಗಿದೆ ಎಂಬುದನ್ನು. ಮನುಷ್ಯನ ಕೈಯಲ್ಲಿ ಆ ಪಾತ್ರ ಏನಾಗುತ್ತದೆ ಎಂಬುದನ್ನಲ್ಲ. ಮೂರು ರಾತ್ರಿ ನಾನು ಅಳೆದದ್ದು ಬೇರೆಯದನ್ನೇ. ಕಷ್ಟದ ಮಟ್ಟವನ್ನು 8ಕ್ಕೆ ಏರಿಸಿ ಇಟ್ಟಿದ್ದರಿಂದ ಇನ್ನೂ ಧೈರ್ಯ ಬಂದಿತ್ತು.

ಎರಡನೇ ಸುತ್ತಿನಲ್ಲಿ ಮೊದಲ ವರ್ಷದ ಹುಡುಗನೊಬ್ಬ ಆ ಗೋಕುವನ್ನು ಆರಿಸಿಕೊಂಡ. ಕಣದ ಒಂದು ತುದಿಯಲ್ಲಿ ನಿಂತು ಒಂದೇ ಗುಂಡಿ ಒತ್ತತೊಡಗಿದ. ಪ್ರತಿ ಸಲವೂ ಪರದೆಯ ಅಗಲಕ್ಕೂ ಬೆಳಕಿನ ಧಾರೆ. ಎದುರಿಗಿದ್ದವನು ನನ್ನ ಕೋಣೆಯ ಗೆಳೆಯ, ಒಂದು ತಿಂಗಳು ದಿನವೂ ರಿಯುವಿನ ಮೇಲೆ ಬೆವರು ಸುರಿಸಿದವನು. ಅವನು ಧಾರೆಯ ಮೇಲಿನಿಂದ ಹಾರಿ ಸರಿಯಾದ ಹೊತ್ತಿಗೆ ಒದೆ ಕೊಟ್ಟ. ಒದೆ ಗೋಕುವಿನ ಮೈಯೊಳಗಿಂದ ತೂರಿ ಹೋಯಿತು. ಮತ್ತೆ ಹಾರಿದ, ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಗೇಮ್‌ಪ್ಯಾಡ್ ಅನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಹೊರಗೆ ಹೋದ. ನನ್ನೊಂದಿಗೆ ಮತ್ತೆ ಅವನು ಆಡಲಿಲ್ಲ.

ಆ ರಾತ್ರಿ ಟ್ರೇನಿಂಗ್ ಮೋಡ್ ತೆರೆದು ಕಂಟ್ರೋಲ್ ಮತ್ತು ಸಿ ಕೀ ಒತ್ತಿದೆ. ಹೊಡೆತ ತಾಗಿಸುವ ಭಾಗಕ್ಕೆ ಕೆಂಪು ಚೌಕಟ್ಟು, ಪೆಟ್ಟು ತಿನ್ನುವ ಮೈಗೆ ನೀಲಿ ಚೌಕಟ್ಟು ಕಾಣಿಸಿಕೊಂಡವು. ಧಾರೆ ಬಿಡುವಷ್ಟು ಹೊತ್ತೂ ಗೋಕುವಿನ ಮೈ ಮೇಲೆ ನೀಲಿ ಚೌಕಟ್ಟೇ ಇರಲಿಲ್ಲ. ಅಂದರೆ ಆಗ ಅವನನ್ನು ಹೊಡೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಐದು ನಿಮಿಷ ಕೈಯಾರೆ ಆಡಿದ್ದರೆ ತಿಳಿಯುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೋಡ್ ಆಮೇಲಿನ ಮಾತು. 500 ಪಾತ್ರಗಳನ್ನಿಟ್ಟುಕೊಂಡು ಯಾವ ಮೋಡ್ ಹಾಕಿದರೂ ಪಂದ್ಯಾವಳಿ ಕೆಡುತ್ತದೆ. 16ಕ್ಕೆ ಇಳಿಸಿ. ಪಾತ್ರಗಳ ಪಟ್ಟಿ ಇರುವ ಸೆಲೆಕ್ಟ್.ಡೆಫ್ ಕಡತದಲ್ಲಿ ಬೇಡದ ಪಾತ್ರದ ಸಾಲನ್ನು ಅಳಿಸಬೇಡಿ, ಸಾಲಿನ ಆರಂಭದಲ್ಲಿ ಒಂದು ಸೆಮಿಕೋಲನ್ ಹಾಕಿದರೆ ಸಾಕು, ಬೇಕಾದಾಗ ತೆಗೆಯಬಹುದು. ಉಳಿದ ಪ್ರತಿ ಪಾತ್ರದ ಬಲಾಬಲ ಬರೆದಿರುವ ಸಿಎನ್‌ಎಸ್ ಕಡತ ತೆರೆದು ಜೀವಬಲ 1000, ದಾಳಿ 100, ರಕ್ಷಣೆ 100ರ ಆಸುಪಾಸಿನಲ್ಲಿದೆಯೇ ನೋಡಿ. ಬಳಿಕ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರು ಎದುರುಬದುರಾಗಿ ಆಡುವ ವರ್ಸಸ್ ಮೋಡ್‌ನಲ್ಲಿ ಆಡಿ. ರಿಯುವಿನಲ್ಲೇ ಹಲವು ಬಗೆ ಸಿಗುತ್ತವೆ: ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಶೈಲಿಯವನು ಆಕಾಶಕ್ಕೆ ಜಿಗಿದು ಗಾಳಿಯಲ್ಲೇ ಸರಣಿ ಹೊಡೆತ ಕೊಡುತ್ತಾನೆ, ಹಳೆಯ ಸ್ಟ್ರೀಟ್ ಫೈಟರ್ ಶೈಲಿಯವನಿಗೆ ಅದಾಗದು. ಈ ಇಬ್ಬರನ್ನು ಒಂದೇ ಪಟ್ಟಿಯಲ್ಲಿ ಇಡುವುದು ಅನ್ಯಾಯ.

ಸಿಮಲ್ ಅಂತೂ ಬೇಡವೇ ಬೇಡ. ಅದರಲ್ಲಿ ಆಟಗಾರನ ಜೊತೆಗಾರನನ್ನು ಆಡಿಸುವುದು ಕಂಪ್ಯೂಟರ್. ನನ್ನನ್ನು ಮೋಸಗೊಳಿಸಿದ ಅದೇ ಎಐ ನಿಮ್ಮ ಗೆಳೆಯರ ಸೋಲು ಗೆಲುವನ್ನು ತೀರ್ಮಾನಿಸುತ್ತದೆ. ಟರ್ನ್ಸ್‌ನಲ್ಲಿ ಒಬ್ಬ ಬಿದ್ದ ಮೇಲೆಯೇ ಅದೇ ತಂಡದ ಮುಂದಿನವನು ಬರುತ್ತಾನೆ, ಪ್ರತಿ ಹೊಡೆತವೂ ಮನುಷ್ಯನದೇ. ತಲಾ ಮೂರು ಪಾತ್ರ ಆರಿಸಿಕೊಳ್ಳಲಿ. ಆಟವೇ ಗೊತ್ತಿಲ್ಲದ ತಮ್ಮ ತಂಗಿಯರು ಬಂದರೆ ಇಬ್ಬಿಬ್ಬರನ್ನು ಟೀಮ್ ಕೋ-ಆಪ್‌ಗೆ ಕೂರಿಸಿ, ಕಂಪ್ಯೂಟರ್ ವಿರುದ್ಧ ಜೊತೆಯಾಗಿ ಆಡಲಿ.

ಒಂದೇ ಕೀಬೋರ್ಡ್‌ನಲ್ಲಿ ಇಬ್ಬರನ್ನು ಆಡಿಸಬೇಡಿ. ಹಲವು ಕೀಗಳನ್ನು ಒಟ್ಟಿಗೆ ಒತ್ತಿದಾಗ ಕೆಲವು ದಾಖಲಾಗುವುದೇ ಇಲ್ಲ. ಎರಡು ಯುಎಸ್‌ಬಿ ಗೇಮ್‌ಪ್ಯಾಡ್ ಎರವಲಾದರೂ ತನ್ನಿ.

ಇವತ್ತೇ ಆ ಒಂಬತ್ತು ಗೋಕುಗಳಿಂದ ಆರಂಭಿಸಿ. ಒಬ್ಬೊಬ್ಬನನ್ನೂ ಟ್ರೇನಿಂಗ್‌ಗೆ ಕರೆತಂದು, ಧಾರೆ ಬಿಡಿಸಿ, ನೀಲಿ ಚೌಕಟ್ಟು ಇದೆಯೇ ನೋಡಿ.