ತೈಲ ಸಿಕ್ಕ ಬಡ ದೇಶಗಳಲ್ಲಿ ಪ್ರಜಾಪ್ರಭುತ್ವ ಯಾಕೆ ಸೊರಗುತ್ತದೆ?

ಮುಖ್ಯ ಕಾರಣ ತೆರಿಗೆ. ಸರ್ಕಾರ ಜನರ ಜೇಬಿಗೆ ಕೈ ಹಾಕಿದರೆ ಜನ ಲೆಕ್ಕ ಕೇಳುತ್ತಾರೆ. ದುಡ್ಡು ನೆಲದಡಿಯಿಂದಲೇ ಬಂದರೆ ಅವರ ಹಂಗೇ ಇಲ್ಲ. ನೈಜೀರಿಯಾ ನೋಡಿ: 1956ರಲ್ಲಿ ಒಲೊಯಿಬಿರಿಯಲ್ಲಿ ತೈಲ ಸಿಕ್ಕಿತು, 1967ರಲ್ಲಿ ದೇಶದ ಪೂರ್ವ ಭಾಗ ಬೇರೆಯಾಗಲು ಹೊರಟು ಬಿಯಾಫ್ರಾ ಯುದ್ಧ (ತೈಲವೊಂದೇ ಕಾರಣವಲ್ಲ, ಆದರೆ ತೈಲಬಾವಿಗಳು ಯಾರ ಪಾಲು ಎಂಬ ಜಗಳವೂ ಇತ್ತು), 1999ರವರೆಗೆ ಬಹುಕಾಲ ಸೇನಾಡಳಿತ. ತೈಲ ಸಿಗುವ ನೈಜರ್ ನದಿ ಮುಖಜಭೂಮಿಯ ಮೀನುಗಾರರಿಗೆ ದಕ್ಕಿದ್ದು ಎಣ್ಣೆ ಪಸೆಯ ನೀರು. ಅದನ್ನು ಪ್ರತಿಭಟಿಸಿದ ಲೇಖಕ ಕೆನ್ ಸರೋ-ವಿವಾ ಅವರನ್ನು 1995ರಲ್ಲಿ ಗಲ್ಲಿಗೇರಿಸಿದರು.

ಬಳ್ಳಾರಿಯವನಾದ ನನಗೆ ಇದೇನೂ ಹೊಸದಲ್ಲ. ಅದಿರಿನ ದರ ಏರಿದಾಗ ಸಂಡೂರು ರಸ್ತೆಬದಿಯ ಜೋಳದ ತೆನೆಗೂ ಕೆಂಪು ಧೂಳು. ಆದರೆ 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ನಾರ್ವೆಯಲ್ಲೂ ತೈಲಕ್ಕಿಂತ ಮೊದಲೇ ಇಂಥ ಸಂಸ್ಥೆಗಳು ಬೇರೂರಿದ್ದವು. ನೈಜೀರಿಯಾಕ್ಕೆ ಸ್ವಾತಂತ್ರ್ಯ ಬಂದದ್ದೇ 1960ರಲ್ಲಿ, ತೈಲ ಸಿಕ್ಕ ಮೇಲೆ.