ದೂರವೆಂಬ ಕಾರಣ

ಕೆಲಸ ಬಿಡುವ ಯೋಚನೆಯಲ್ಲಿ, ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬರುವವರಲ್ಲಿ ಹಲವರು ಮೊದಲ ಭೇಟಿಯಲ್ಲಿ ಓಡಾಟದ ಮಾತನ್ನೇ ಎತ್ತುವುದಿಲ್ಲ. ಸಿಟ್ಟು ಬೇಗ ಬರುತ್ತಿದೆ, ಮರೆವು ಹೆಚ್ಚಾಗಿದೆ, ಮಕ್ಕಳ ಮೇಲೆ ರೇಗಿ ಆಮೇಲೆ ಸಂಕಟಪಡುತ್ತೇನೆ ಎನ್ನುತ್ತಾರೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ರಾತ್ರಿ ಮನೆ ಸೇರುವುದು ಯಾವಾಗ ಎಂದು ನಾನಾಗಿ ಕೇಳಿದ ಮೇಲಷ್ಟೇ, ದಿನದ ನಾಲ್ಕೈದು ಗಂಟೆ ದಾರಿಯಲ್ಲಿ ಹೋಗುತ್ತಿರುವ ಸಂಗತಿ ಹೊರಬರುತ್ತದೆ. ಅದನ್ನೂ ತಪ್ಪೊಪ್ಪಿಕೊಳ್ಳುವವರ ಧ್ವನಿಯಲ್ಲಿ ಹೇಳುತ್ತಾರೆ. ಇಲ್ಲಿ ಬರೆಯುತ್ತಿರುವ ಪ್ರಕರಣವೂ ಹಾಗೆಯೇ ಆರಂಭವಾಯಿತು. ಅದು ನನ್ನನ್ನು ಬಹಳ ದಿನ ಕಾಡಿದ್ದು ಮಾತ್ರ ಮೂರನೆಯ ಭೇಟಿಯಲ್ಲಿ ಆಕೆ ಕೇಳಿದ ಒಂದು ಸಹಾಯದಿಂದ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ನಲವತ್ತರ ಸಮೀಪದ ವಯಸ್ಸು. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷಗಳಿಂದ ಕೆಲಸ. ಎರಡು ವರ್ಷಗಳ ಹಿಂದೆ ಕಚೇರಿ ಊರಿನ ಇನ್ನೊಂದು ತುದಿಗೆ ಹೋದಾಗಿನಿಂದ, ನಿಲ್ದಾಣದವರೆಗೆ ಸ್ಕೂಟರ್, ಅಲ್ಲಿಂದ ರೈಲು, ಆಮೇಲೆ ನಡಿಗೆ, ಹೀಗೆ ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಎರಡೂಕಾಲು ಗಂಟೆ. ತಿಂಗಳಿಗೆ 22 ಕೆಲಸದ ದಿನಗಳೆಂದರೂ ಒಟ್ಟು 99 ಗಂಟೆಗಳಾಗುತ್ತವೆ. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಹನ್ನೆರಡು ದಿನಗಳಿಗೂ ಹೆಚ್ಚು. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ, ಅಂಕಿಗಳ ನಡುವೆಯೇ ಬದುಕುವ ಆಕೆ ಎರಡು ವರ್ಷಗಳಲ್ಲಿ ಒಮ್ಮೆಯೂ ಇದನ್ನು ಕೂಡಿ ನೋಡಿರಲಿಲ್ಲ ಎಂಬುದು ತಿಳಿಯಿತು.

ಮೊದಲ ಎರಡು ಭೇಟಿಗಳು ಖಿನ್ನತೆ ಇದೆಯೇ ಎಂದು ಪರಿಶೀಲಿಸುವುದರಲ್ಲೇ ಕಳೆದವು. ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು ಆಕೆಯಲ್ಲಿ ಕಾಣಲಿಲ್ಲ. ರಜೆಯ ಮೂರನೆಯ ದಿನದ ಹೊತ್ತಿಗೆ ಹಳೆಯ ಉತ್ಸಾಹ ಮರಳುತ್ತಿತ್ತು. ಕೆಲಸದ ಬಗ್ಗೆ ಮಾತಾಡುವಾಗ ಕಣ್ಣು ಅರಳುತ್ತಿತ್ತು. ಸುಸ್ತಿಗೆ ದೇಹದ ಕಾರಣವೂ ಇರಬಹುದಾದ್ದರಿಂದ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಗೆ ವೈದ್ಯರ ಬಳಿ ಕಳಿಸಿದೆ, ಎರಡೂ ಸರಿಯಾಗಿದ್ದವು.

ಆ ವರದಿಗಳನ್ನು ಹಿಡಿದು ಬಂದ ದಿನ ಆಕೆಯ ಮುಖದಲ್ಲಿ ಸಮಾಧಾನ ಇರಲಿಲ್ಲ, ನಿರಾಸೆ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ನನಗೆ ಖಿನ್ನತೆ ಇದೆ ಅಂತ ಒಂದು ಕಾಗದ ಬರೆದುಕೊಡುತ್ತೀರಾ?” ಎಂದು ಕೇಳಿದರು. ಏಕೆ ಎಂದೆ. “ಕಾಯಿಲೆ ಅಂದರೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ, ಕಚೇರಿಯಲ್ಲೂ ಗೌರವದಿಂದ ಬಿಡುಗಡೆ ಸಿಗುತ್ತದೆ. ದೂರ ಆಗುತ್ತದೆ ಅಂತ ಕೆಲಸ ಬಿಟ್ಟರೆ, ಎಲ್ಲರೂ ಓಡಾಡುತ್ತಿಲ್ಲವೇ, ನಿನಗೊಬ್ಬಳಿಗೇ ಏನು ಅನ್ನುತ್ತಾರೆ. ನಮ್ಮ ಅಮ್ಮನೂ ಅದನ್ನೇ ಅಂದರು.”

ನಾನು ಬರೆದುಕೊಡಲಿಲ್ಲ. ರೋಗನಿರ್ಣಯ ಮನೋವೈದ್ಯರು ಮಾಡಬೇಕಾದ ಕೆಲಸ, ಅದು ನನ್ನ ಅಧಿಕಾರದಲ್ಲಿಲ್ಲ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಇಲ್ಲದ ಕಾಯಿಲೆಯ ಹೆಸರನ್ನು ಒಮ್ಮೆ ಹಚ್ಚಿಕೊಂಡರೆ ಅದು ಕಡತಗಳಲ್ಲಿ ಉಳಿದುಹೋಗುತ್ತದೆ, ಕ್ರಮೇಣ ಹಚ್ಚಿಕೊಂಡವರೂ ಅದನ್ನು ನಂಬತೊಡಗುತ್ತಾರೆ. ಇದನ್ನೆಲ್ಲ ಆದಷ್ಟು ಮೆದುವಾಗಿ ಹೇಳಿದೆ. ಆಕೆಗೆ ಸಿಟ್ಟು ಬಂತು. “ಹಾಗಾದರೆ ನನ್ನ ಸುಸ್ತಿಗೆ ಒಂದು ಹೆಸರೂ ಇಲ್ಲವೇ?”

ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ. ಉದ್ಯೋಗದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ವಿವರಿಸಿದಾಗಲೂ, ಅದನ್ನು ಕಾಯಿಲೆ ಎಂದು ಕರೆಯದೆ ಉದ್ಯೋಗ ಸಂಬಂಧಿ ವಿದ್ಯಮಾನವೆಂದೇ ಹೆಸರಿಸಿತು. ಆಕೆಯನ್ನು ಬಳಲಿಸಿದ್ದು ಕೆಲಸದ ಸ್ಥಳವೂ ಆಗಿರಲಿಲ್ಲ. ಮನೆಗೂ ಕೆಲಸಕ್ಕೂ ನಡುವಿನ, ಯಾರೂ ಲೆಕ್ಕಕ್ಕೆ ಹಿಡಿಯದ ಹೊತ್ತು ಆಕೆಯನ್ನು ಬಳಲಿಸಿತ್ತು. ಹಾಗಾಗಿ ಹೆಸರಿನ ಬದಲು ನನಗೆ ತಿಳಿದ ಎರಡು ಅಧ್ಯಯನಗಳ ಬಗ್ಗೆ ಹೇಳಿದೆ. ಅಮೆರಿಕದಲ್ಲಿ 900ಕ್ಕೂ ಹೆಚ್ಚು ಉದ್ಯೋಗಸ್ಥ ಮಹಿಳೆಯರು ತಮ್ಮ ಹಿಂದಿನ ದಿನದ ಒಂದೊಂದು ಚಟುವಟಿಕೆಯಲ್ಲೂ ತಮಗೆ ಏನನ್ನಿಸಿತೆಂದು ದಾಖಲಿಸಿದ 2004ರ ಅಧ್ಯಯನದಲ್ಲಿ, ಎಲ್ಲಕ್ಕಿಂತ ಕಡಿಮೆ ಹಿತವೆನಿಸಿದ್ದು ಬೆಳಗಿನ ಪ್ರಯಾಣ. ಜರ್ಮನಿಯ ಕುಟುಂಬಗಳ ಹಲವು ವರ್ಷಗಳ ಸಮೀಕ್ಷೆಯನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ದೂರ ಓಡಾಡುವವರಿಗೆ ಹೆಚ್ಚಿನ ಸಂಬಳದಿಂದಾಗಲಿ ಒಳ್ಳೆಯ ಮನೆಯಿಂದಾಗಲಿ ಆ ನಷ್ಟ ತುಂಬಿ ಬರುವುದಿಲ್ಲವೆಂದು ಕಂಡುಕೊಂಡಿತು. ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ಹೆಚ್ಚಿದ ಸಂಬಳಕ್ಕೆ ನಾವು ಕೆಲವೇ ತಿಂಗಳಲ್ಲಿ ಒಗ್ಗಿಕೊಳ್ಳುತ್ತೇವೆ, ಇಂದು ಹತ್ತು ನಿಮಿಷ ನಾಳೆ ನಲವತ್ತು ನಿಮಿಷ ತಡವಾಗುವ ದಾರಿಗೆ ಒಗ್ಗಿಕೊಳ್ಳುವುದು ಮಾತ್ರ ಆಗುವುದಿಲ್ಲ.

“ಅಂದರೆ ಇದು ನನ್ನ ಸೋಮಾರಿತನ ಅಲ್ಲ,” ಎಂದರು. ಆ ಮೇಲೆ, ಮೂರು ಭೇಟಿಗಳಲ್ಲಿ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದರು. ಹಿಂದಿನ ವಾರ ರಾತ್ರಿ ನಿಲ್ದಾಣದಿಂದ ಮನೆಗೆ ಬರುವಾಗ, ದಾರಿಯ ಒಂದು ದೊಡ್ಡ ತಿರುವನ್ನು ದಾಟಿದ್ದೇ ಆಕೆಗೆ ನೆನಪಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಜೋಂಪು ಹತ್ತಿತ್ತು.

ಅಲ್ಲಿಗೆ ನನ್ನ ಪಾತ್ರ ಬದಲಾಯಿತು. ನಿರ್ಧಾರ ಬಂದವರದ್ದೇ ಆಗಿರಬೇಕೆಂಬ ನಮ್ಮ ವೃತ್ತಿಯ ನಿಯಮವನ್ನು ನಾನು ಗೌರವಿಸುತ್ತೇನೆ, ಆದರೆ ಜೀವಕ್ಕೆ ಅಪಾಯವಿರುವಾಗ ಆ ನಿಯಮದ ಹಿಂದೆ ನಿಂತುಕೊಳ್ಳುವುದಿಲ್ಲ. ನಾಲ್ಕೂವರೆಗೆ ಎದ್ದವರು ರಾತ್ರಿ ಒಂಬತ್ತೂವರೆಗೆ ಗಾಡಿ ಓಡಿಸುತ್ತಿದ್ದರೆ ಅವರು ಎದ್ದು 17 ಗಂಟೆಗಳಾಗಿರುತ್ತವೆ. ಅಷ್ಟು ಹೊತ್ತು ಎಚ್ಚರವಿದ್ದವರ ಗಮನ ಮತ್ತು ಪ್ರತಿಕ್ರಿಯೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯುತ್ತದೆಂದು 1997ರಷ್ಟು ಹಿಂದೆಯೇ ಪ್ರಯೋಗಗಳು ತೋರಿಸಿವೆ. ಆಕೆಯ ವಿಷಯದಲ್ಲಿ ಇದರ ಜೊತೆಗೆ ರಾತ್ರಿಗೆ ಐದೂವರೆ ಗಂಟೆಗಿಂತ ಹೆಚ್ಚು ನಿದ್ದೆ ಇಲ್ಲದ ಎರಡು ವರ್ಷಗಳೂ ಸೇರಿದ್ದವು. ವಯಸ್ಕರಿಗೆ ಏಳು ಗಂಟೆಯಾದರೂ ಬೇಕು. “ನಾಳೆಯಿಂದ ರಾತ್ರಿ ನೀವು ಸ್ಕೂಟರ್ ಓಡಿಸಬೇಡಿ. ಮನೆಯವರು ಬಂದು ಕರೆದೊಯ್ಯಲಿ, ಅಥವಾ ಬೇರೆ ವಾಹನ ಹಿಡಿಯಿರಿ. ಇದನ್ನು ಸಲಹೆ ಎಂದುಕೊಳ್ಳಬೇಡಿ,” ಎಂದೆ. ಆಕೆಯ ಎದುರೇ ಗಂಡನಿಗೆ ಫೋನ್ ಮಾಡಿಸಿದೆ. ತಿರುವಿನ ವಿಷಯ ಕೇಳಿದ ಮೇಲೆ ಆ ಮನೆಯಲ್ಲಿ “ಎಲ್ಲರೂ ಓಡಾಡುತ್ತಿಲ್ಲವೇ” ಎಂಬ ಮಾತು ಮತ್ತೆ ಬರಲಿಲ್ಲವಂತೆ.

ರಾಜೀನಾಮೆಯ ಬಗ್ಗೆ ನನ್ನ ಸಲಹೆ ಎರಡು ಭಾಗದ್ದಾಗಿತ್ತು. ನಿದ್ದೆಗೆಟ್ಟ ವಾರದಲ್ಲಿ ಪತ್ರ ಬರೆಯಬಾರದು. ಬಾಕಿ ಇರುವ ರಜೆಯಲ್ಲಿ ಹತ್ತು ದಿನ ತೆಗೆದುಕೊಂಡು ಮೊದಲು ನಿದ್ದೆ ಮಾಡಬೇಕು. ಆಮೇಲೆ ಒಂದೇ ಪ್ರಶ್ನೆಗೆ ಬರೆದು ಉತ್ತರಿಸಬೇಕು: ಇದೇ ಕೆಲಸ, ಇದೇ ಮೇಲಧಿಕಾರಿ, ಇದೇ ಸಂಬಳ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿದ್ದರೆ ಬಿಡುತ್ತೀರಾ? ಬಿಡುವುದಿಲ್ಲ ಎಂಬ ಉತ್ತರ ಬಂದರೆ ಸಮಸ್ಯೆ ದೂರದ್ದು. ಕಚೇರಿ ತಲುಪಿದ ಮೇಲೂ ಎದೆ ಬಿಗಿದೇ ಇದ್ದರೆ, ಪ್ರಯಾಣದ ಮರೆಯಲ್ಲಿ ಬೇರೆ ಏನೋ ನಿಂತಿರುತ್ತದೆ. ಮನೆಗೆ ಹೋಗಲು ಮನಸ್ಸಿಲ್ಲದವರು ದೂರದ ಕೆಲಸವನ್ನು ಬಿಡಲಾರದೆ ಹಿಡಿದುಕೊಂಡಿದ್ದನ್ನೂ ನಾನು ಕಂಡಿದ್ದೇನೆ.

ಆಕೆಯ ಉತ್ತರ ನಿಚ್ಚಳವಾಗಿತ್ತು. ಹಾಗಾಗಿ ಮೂರು ತಿಂಗಳ ಗಡುವು ಇಟ್ಟುಕೊಂಡು, ಮೊದಲು ಸಂಸ್ಥೆಗೆ ಬರವಣಿಗೆಯಲ್ಲಿ ಕೇಳಲು ಹೇಳಿದೆ. “ಕಷ್ಟವಾಗುತ್ತಿದೆ” ಎಂದಷ್ಟೇ ಹೇಳಿದರೆ ಅನುಕಂಪ ಸಿಗುತ್ತದೆ, ಪರಿಹಾರ ಸಿಗುವುದಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದ, ಉಳಿದ ದಿನ ದಟ್ಟಣೆಗೆ ಮೊದಲೇ ಹೊರಡುವ ಪಾಳಿ, ಎರಡು ತಿಂಗಳ ಪ್ರಾಯೋಗಿಕ ಅವಧಿ, ಆ ಅವಧಿಯಲ್ಲಿ ಯಾವ ಯಾವ ಕೆಲಸ ಎಂದಿಗೆ ಮುಗಿಯುತ್ತದೆ ಎಂಬ ಪಟ್ಟಿ, ಇಷ್ಟನ್ನು ಆಕೆ ಕೊಟ್ಟರು. ಮನೆ ಬದಲಿಸುವ ಮಾತೂ ಬಂತು. ಆಗ ಗಂಡನ ಕೆಲಸ ಮತ್ತು ಮಗಳ ಶಾಲೆ ದೂರವಾಗುತ್ತಿದ್ದವು. ಒಬ್ಬರ ಹೆಗಲಿನ ಭಾರವನ್ನು ಇಬ್ಬರ ಹೆಗಲಿಗೆ ದಾಟಿಸಿದಂತಾಗುತ್ತಿತ್ತು. ಪ್ರಯಾಣದ ಹೊತ್ತಿನಲ್ಲಿ ಏನಾದರೂ ಕಲಿಯಿರಿ, ಭಾಷಣ ಕೇಳಿ ಎಂಬ ಜನಪ್ರಿಯ ಸಲಹೆಯನ್ನು ನಾನು ಕೊಡಲಿಲ್ಲ. ಆಗಲೇ ಬಳಲಿದವರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಕೂರಲು ಜಾಗ ಸಿಗುವ, ನಿಧಾನವಾದರೂ ಹೇಳಿದ ಹೊತ್ತಿಗೆ ತಲುಪುವ ರೈಲನ್ನು ಆರಿಸಿಕೊಳ್ಳಿ ಎಂದಷ್ಟೇ ಹೇಳಿದೆ.

ಜೊತೆಗೆ ಇನ್ನೊಂದು ಲೆಕ್ಕ ಮಾಡಿಸಿದೆ. ಸಂಬಳದಿಂದ ಓಡಾಟದ ಖರ್ಚು ಕಳೆದು, ಉಳಿದದ್ದನ್ನು ಕೆಲಸದ ಗಂಟೆಗಳ ಜೊತೆ ಆ 99 ಗಂಟೆಗಳನ್ನೂ ಸೇರಿಸಿ ಭಾಗಿಸಿದಾಗ, ಹತ್ತಿರದಲ್ಲಿ ಸಿಗಬಹುದಾದ ಕಡಿಮೆ ಸಂಬಳದ ಕೆಲಸ ಗಂಟೆಯ ಲೆಕ್ಕದಲ್ಲಿ ಕಡಿಮೆಯದಾಗಿರಲಿಲ್ಲ. ತಿಂಗಳ ಮನೆಖರ್ಚು ತೂಗಬೇಕೆಂದರೆ ಎಷ್ಟಕ್ಕಿಂತ ಕೆಳಗಿಳಿಯಲಾಗದು ಎಂಬ ಅಂಕಿಯನ್ನು ಗಂಡಹೆಂಡತಿ ಇಬ್ಬರೂ ಕೂತು ನಿಗದಿ ಮಾಡಿಕೊಂಡರು.

ಸಹೋದ್ಯೋಗಿಯೊಬ್ಬರು, ಸಹಿಸುವ ಶಕ್ತಿಯನ್ನು ಬೆಳೆಸಬೇಕಾದ ನಾವು ಬಿಟ್ಟುಹೋಗುವ ದಾರಿ ತೋರಿಸಬಾರದು ಎಂದು ನನ್ನನ್ನು ಆಕ್ಷೇಪಿಸಿದರು. ಎರಡು ವರ್ಷ ಆಕೆ ಸಹಿಸಿದ್ದರಿಂದಲೇ ಆ ತಿರುವು ನೆನಪಿಲ್ಲದ ಸ್ಥಿತಿಗೆ ಬಂದಿದ್ದರು ಎಂಬುದು ನನ್ನ ಉತ್ತರ. ಎಲ್ಲರಿಗೂ ಬಿಡಿ ಎಂದು ಹೇಳುವವಳು ನಾನಲ್ಲ. ಮನೆಗೂ ಕಚೇರಿಗೂ ನಡುವೆ ಸ್ವಲ್ಪ ದಾರಿ ಇರುವುದು ಮನಸ್ಸಿಗೆ ಒಳ್ಳೆಯದೇ; ಎಷ್ಟು ಹೊತ್ತಿನ ಪ್ರಯಾಣ ಹಿತವೆಂದು 2001ರ ಒಂದು ಅಧ್ಯಯನದಲ್ಲಿ ಕೇಳಿದಾಗ ಜನ ಸೊನ್ನೆ ಎನ್ನಲಿಲ್ಲ, ಉತ್ತರಗಳ ಸರಾಸರಿ 16 ನಿಮಿಷದಷ್ಟಿತ್ತು. ಆದರೆ ಹದಿನಾರು ನಿಮಿಷದ ದಾರಿಗೂ ಎರಡೂಕಾಲು ಗಂಟೆಯ ದಾರಿಗೂ ಒಂದೇ ಸಹನೆಯ ಪಾಠ ಹೇಳಲು ನಾನು ಸಿದ್ಧಳಿಲ್ಲ.

ಸಂಸ್ಥೆ ಪಾಳಿಯನ್ನು ಬದಲಿಸಿತು, ಮನೆಯಿಂದ ಕೆಲಸ ಮಾಡಲು ಒಪ್ಪಲಿಲ್ಲ. ನಿದ್ದೆ ಒಂದು ಗಂಟೆ ಹೆಚ್ಚಿತು, ಅಷ್ಟೇ. ಗಡುವು ಮುಗಿಯುವ ಹೊತ್ತಿಗೆ ಮನೆಯಿಂದ ಇಪ್ಪತ್ತೈದು ನಿಮಿಷದ ದೂರದಲ್ಲಿ, ಅವರು ನಿಗದಿ ಮಾಡಿಕೊಂಡ ಅಂಕಿಗಿಂತ ಸ್ವಲ್ಪವೇ ಮೇಲಿನ ಸಂಬಳಕ್ಕೆ ಒಂದು ಕೆಲಸ ಸಿಕ್ಕಿತು. ಕೊನೆಯ ಭೇಟಿಗೆ ಬಂದಾಗ ರಾಜೀನಾಮೆಯ ಪ್ರತಿಯನ್ನು ತೋರಿಸಿದರು. ಎಚ್‌ಆರ್ ವಿಭಾಗದವರು “ವೈಯಕ್ತಿಕ ಕಾರಣ” ಎಂದು ಬರೆದರೆ ಸಾಕು, ಎಲ್ಲರೂ ಹಾಗೇ ಬರೆಯುತ್ತಾರೆ ಎಂದಿದ್ದರಂತೆ. ಆಕೆ ಬದಲಿಸಿರಲಿಲ್ಲ. ಕಾರಣದ ಜಾಗದಲ್ಲಿ “ದಿನಕ್ಕೆ ನಾಲ್ಕೂವರೆ ಗಂಟೆಯ ಪ್ರಯಾಣ” ಎಂದೇ ಇತ್ತು.